ಏನೂ ಇಲ್ಲದ ಕಡೆ ಒಂದು ತಿರುವು

ಗೋಕಿಲಾಳಿಗೆ ಊರಿನಲ್ಲಿ ಒಳ್ಳೆಯ ಹೆಸರಿತ್ತು. ಹೇಗೆ ಬಂತು ಎಂದು ಕೇಳಿದರೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಅವಳು ಯಾರ ಜೊತೆಗೂ ಜಗಳಕ್ಕೆ ನಿಲ್ಲುತ್ತಿರಲಿಲ್ಲ, ಗಟ್ಟಿಯಾಗಿ ನಗುತ್ತಿರಲಿಲ್ಲ, ಸಾವಿನ ಮನೆಗೆ ಹೋದರೆ ಒಂದು ಮೂಲೆಯಲ್ಲಿ ಕೂತು ಎದ್ದು ಬರುತ್ತಿದ್ದಳು. ಬೈದರೂ ಅದೇ ಮುಖ, ಹೊಗಳಿದರೂ ಅದೇ ಮುಖ. ಒಬ್ಬ ಹೆಂಗಸು ಒಳಗೊಳಗೇ ಮರಗಟ್ಟಿ ಹೋದರೆ ಊರಿನವರು ಅದಕ್ಕೆ ಸಂಭಾವಿತತನ ಎಂದು ಹೆಸರಿಟ್ಟು ಸಮಾಧಾನ ಪಟ್ಟುಕೊಳ್ಳುತ್ತಾರೆ. ಅವರಿಗೂ ಅನುಕೂಲ.

ಅವಳು ಕುದುರೆ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದಳು. ಕೊಯಮತ್ತೂರು ಸೀಮೆಯ ಕುನ್ನತ್ತೂರಿನಿಂದ ನಾಲ್ಕು ಕಿಲೋಮೀಟರ್ ಆಚೆಗೆ ಅರುವತ್ತು ಎಕರೆಯ ಒಂದು ಮೇವಿನ ನೆಲ ಇದೆ. ಆ ಕಡೆಯವರು ಇಂಥ ನೆಲವನ್ನು ಕೊರಂಗಾಡು ಎನ್ನುತ್ತಾರೆ. ಸುತ್ತ ಕಿಳುವೆ ಮುಳ್ಳಿನ ಬೇಲಿ, ಒಳಗೆಲ್ಲ ಹುಲ್ಲು, ಅಲ್ಲೊಂದು ಇಲ್ಲೊಂದು ಬಿಳಿಜಾಲಿ ಮರ. ಹಿಂದೆ ಹನ್ನೆರಡು ಮನೆಗಳಿಗೆ ಹನ್ನೆರಡು ತುಂಡಾಗಿ ಹಂಚಿಹೋಗಿದ್ದ ನೆಲ ಅದು, ಅದರಲ್ಲಿ ಒಂದು ತುಂಡು ಗೋಕಿಲಾಳ ಮಾವನದು. ದನ ಕಟ್ಟುವವರು ಕಡಿಮೆಯಾದರು, ಸೈಟು ಮಾಡುವವರು ಕಾರು ನಿಲ್ಲಿಸಿ ಬೇಲಿಯಾಚೆಯಿಂದ ಇಣುಕತೊಡಗಿದರು. ಆಗ ಹನ್ನೆರಡು ಮನೆಯವರೂ ಕೂತು, ಜೀವಮಾನದಲ್ಲಿ ಒಂದೇ ಸಲ ಒಂದೇ ಮಾತಿಗೆ ಬಂದು, ಒಳಬೇಲಿಗಳನ್ನು ತೆಗೆದು ನೆಲವನ್ನೆಲ್ಲ ಊರಿನವರೇ ಸೇರಿ ಕಾಯುವ ಕಾಪುಕಾಡು ಮಾಡಿದರು. ಇದಾಗಿ ಏಳು ವರ್ಷ. ನಡೆಯುವವರಿಗೆ ಮೂರು ದಾರಿ, ಕುದುರೆ ಸವಾರಿಗೆ ಒಂದು ದಾರಿ, ಒಂದು ಲಾಯ, ನಾಲ್ಕು ಕುದುರೆ. ಶನಿವಾರ ಭಾನುವಾರ ಶರವಣಂಪಟ್ಟಿಯ ಕಂಪನಿಗಳ ಹುಡುಗರು ಹುಡುಗಿಯರು ಬಂದು ನವಿಲು ಕಂಡು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ನವಿಲು ಅಂದರೆ ಬಿತ್ತಿದ ಕಾಳು ಕೆದರಿ ತಿನ್ನುವ ಶನಿ ಎಂದು ತಿಳಿದ ಊರಿನವರು ಅವರನ್ನು ಕಂಡು ಉಸಿರು ಬಿಗಿಹಿಡಿಯುತ್ತಾರೆ.

ಕಾಪುಕಾಡಾದಾಗ ಮೊದಲು ಹೋಗಿ ಕೆಲಸ ಕೇಳಿದವಳು ಗೋಕಿಲಾ. ಗೌಡರ ಮನೆಯ ಸೊಸೆ ಲದ್ದಿ ಬಾಚುವುದೇ ಎಂದು ನಾಲ್ಕು ಜನ ಮೂಗು ಮುರಿದರು. ಅವಳ ಗಂಡ ಸತೀಶ್‌ಕುಮಾರ್‌ಗೆ ಕುನ್ನತ್ತೂರಿನಲ್ಲಿ ಹಿಂಡಿ-ತೌಡಿನ ಅಂಗಡಿ ಇತ್ತು, ಊಟಕ್ಕೆ ಕೊರತೆ ಇರಲಿಲ್ಲ. ಮತ್ತೆ ಯಾಕೆ ಹೋದಳು ಎಂದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಬೇಕಿದ್ದವರು ಇಬ್ಬರೇ, ಗಂಡ ಮತ್ತು ಮಾವ. ಅವರಿಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

ಆ ನೆಲದಲ್ಲಿ ಅವಳ ಮಗು ಇತ್ತು. ಎಲ್ಲಿ ಎಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಹೆಣ್ಣುಮಗು, ಹನ್ನೊಂದು ತಿಂಗಳು, ಹೆಸರು ತೆನ್ಮೊಳಿ. ಮೂರು ದಿನ ಜ್ವರ ಬಂತು, ನಾಲ್ಕನೆಯ ದಿನ ಆಸ್ಪತ್ರೆಗೆ ಹೋಗುವ ವ್ಯಾನಿನಲ್ಲೇ ತಾಯಿಯ ತೊಡೆಯ ಮೇಲೆ ಹೋಗಿಬಿಟ್ಟಿತು. ಸತೀಶ್‌ಕುಮಾರ್ ಆಗ ಸಿಂಗಾನಲ್ಲೂರಿನ ಗಿರಣಿಯಲ್ಲಿದ್ದ. ಅವನು ಬಸ್ಸು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕನ್ನಡ ಮಾತಾಡುವ ಅಲ್ಲಿನ ಒಕ್ಕಲು ಮನೆಗಳಲ್ಲಿ ಒಂದು ಕಟ್ಟಳೆ ಇದೆ. ಹಾಲುಹಲ್ಲಿನ ಮಕ್ಕಳನ್ನು ಸುಡುವುದಿಲ್ಲ, ಸ್ವಂತ ನೆಲದಲ್ಲಿ ಹೂಳುತ್ತಾರೆ. ಮನೆಯ ಹಿರಿಯ ಗಂಡಸು ಒಬ್ಬನೇ ಎತ್ತಿಕೊಂಡು ಹೋಗುತ್ತಾನೆ. ತಾಯಿ ಹಿಂದೆ ಹೋಗುವ ಹಾಗಿಲ್ಲ. ಮೇಲೆ ಕಲ್ಲಿಡುವ ಹಾಗಿಲ್ಲ, ಗಿಡ ನೆಡುವ ಹಾಗಿಲ್ಲ, ಜಾಗ ಯಾರಿಗೂ ಹೇಳುವ ಹಾಗಿಲ್ಲ. ಹೂತವನೂ ಮತ್ತೆ ಆ ಕಡೆ ತಿರುಗಿ ನೋಡಬಾರದು. ಮಗುವಿನ ಹೆಸರು ಮನೆಯಲ್ಲಿ ಯಾರೂ ಎತ್ತಬಾರದು. ಜಾಗ ಗೊತ್ತಾದರೆ ತಾಯಿ ಅಲ್ಲೇ ಹೋಗಿ ಕೂರುತ್ತಾಳೆ, ತಾಯಿ ಕೂತ ಕಡೆ ಮಗು ನಿಂತುಬಿಡುತ್ತದೆ, ನಿಂತ ಮಗು ಇನ್ನೊಮ್ಮೆ ಹೊಟ್ಟೆಗೆ ಬರುವುದಿಲ್ಲ. ಇದು ಅದರ ಲೆಕ್ಕಾಚಾರ. ಕೇಳುವುದಕ್ಕೆ ಕರುಣೆಯ ಹಾಗೇ ಇದೆ.

ಮಾವ ಅಯ್ಯಾಸಾಮಿ ಮಗುವನ್ನು ಬಿಳಿ ತುಂಡುಬಟ್ಟೆಯಲ್ಲಿ ಸುತ್ತಿ, ಸಲಿಕೆ ಹಿಡಿದು, ಹಿಂಬಾಗಿಲಿನಿಂದ ಹೋದರು. ಒಂದು ಗಂಟೆಯ ಮೇಲೆ ಬಂದು ಬಾವಿಕಟ್ಟೆಯಲ್ಲಿ ಸಲಿಕೆ ತೊಳೆದರು. ಆಗಿನ್ನೂ ಬದುಕಿದ್ದ ಅತ್ತೆ ಕನ್ನಿಯಮ್ಮಾಳ್ ಅವರ ತಲೆಗೆ ನೀರು ಹೊಯ್ದಳು. ಅಷ್ಟೇ. ಆಮೇಲೆ ಊರಿನ ಹೆಂಗಸರು ಗೋಕಿಲಾಳಿಗೆ ಆ ಗುಡಿಗೆ ಹೋಗು, ಈ ಬೇರು ಅರೆದು ಕುಡಿ ಎಂದು ಹೇಳುತ್ತ ಬಂದರು. ಅವಳು ಹೋದಳು, ಕುಡಿದಳು. ಮಗು ಬರಲಿಲ್ಲ. ಕಟ್ಟಳೆ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ, ಗೋಕಿಲಾ ಮಾತ್ರ ಕೊಟ್ಟ ಮಾತು ಉಳಿಸಿಕೊಂಡಳು. ಒಮ್ಮೆಯೂ ಎಲ್ಲಿ ಎಂದು ಕೇಳಲಿಲ್ಲ, ಒಮ್ಮೆಯೂ ಹೆಸರು ಎತ್ತಲಿಲ್ಲ.

ಕಾಪುಕಾಡಿಗೆ ಸೇರಿದ ಮೊದಲ ವರ್ಷ ಅವಳು ನೆಲವನ್ನೇ ನೋಡುತ್ತ ನಡೆಯುತ್ತಿದ್ದಳು. ಎಲ್ಲಿ ಮಣ್ಣು ಸ್ವಲ್ಪ ಉಬ್ಬಿದ್ದರೂ ನಿಂತು ನೋಡುವಳು. ಗೆದ್ದಲ ಹುತ್ತ, ಇಲ್ಲವೇ ಮುಂಗುಸಿ ತೋಡಿದ ಗುಡ್ಡೆ. ಎರಡನೆಯ ವರ್ಷ ನೋಡುವುದನ್ನು ಬಿಟ್ಟಳು. ಬೇಜಾರಾಗಿ ಬಿಟ್ಟಿದ್ದಲ್ಲ, ಯಾವತ್ತು ಬಿಟ್ಟೆ ಎಂದು ಅವಳಿಗೇ ತಿಳಿಯಲಿಲ್ಲ. ಬೆಳಿಗ್ಗೆ ಹೋಗಿ ಲದ್ದಿ ಬಾಚುವುದು, ಮೈ ತಿಕ್ಕುವುದು, ನೆನೆಸಿದ ಹುರುಳಿ ಹಾಕುವುದು, ಜೀನು ಬಿಗಿಯುವುದು. ಕುದುರೆಗಳಿಗೂ ಅವಳು ಇಷ್ಟ. ಏನೂ ಕೇಳದ ಮನುಷ್ಯರು ಪ್ರಾಣಿಗಳಿಗೆ ಇಷ್ಟವಾಗುತ್ತಾರೆ.

ಹೋದ ತಿಂಗಳು ಸವಾರಿಗೆ ಬಂದಿದ್ದ ಒಬ್ಬ ಹುಡುಗಿ ಕುದುರೆಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಬಿದ್ದದ್ದು ಕುದುರೆ ದಾರಿಯ ಮೂರನೆಯ ತಿರುವಿನಲ್ಲಿ. ಅದೇ ತಿರುವಿನಲ್ಲಿ ಹಿಂದೆಯೂ ಒಬ್ಬ ಬಿದ್ದಿದ್ದ. ಸವಾರಿ ಕಲಿಸುವ ಅರವಿಂದ್, ಕೊಯಮತ್ತೂರಿನ ಹುಡುಗ, ಪಟಪಟ ಮಾತಿನವನು, ನಕ್ಷೆ ಹಿಡಿದುಕೊಂಡು ಕಾಪುಕಾಡಿನ ಸಮಿತಿಯ ಮುಂದೆ ಬಂದ. ಆ ದಾರಿ ಬೇರೆಲ್ಲ ಕಡೆ ಯಾವುದೋ ಮರಕ್ಕೋ ಬಂಡೆಗೋ ಸುತ್ತು ಹಾಕುತ್ತದೆ, ಇಲ್ಲಿ ಮಾತ್ರ ಏನೂ ಇಲ್ಲದ ಬಯಲಿಗೆ ಇಷ್ಟಗಲ ಸುತ್ತು ಹಾಕುತ್ತದೆ; ಓಡಿ ಬರುವ ಕುದುರೆ ಅಲ್ಲಿ ಹಠಾತ್ತನೆ ತಿರುಗಬೇಕು, ಹತ್ತಿದವರು ಸೀದಾ ಹಾರುತ್ತಾರೆ. ಜೆಸಿಬಿ ತರಿಸಿ ನೆಟ್ಟಗೆ ಮಾಡಿಬಿಡೋಣ ಎಂದ. ಸರಿಯಾದ ಮಾತೇ. ಸಮಿತಿಯ ಅಧ್ಯಕ್ಷ ರಾಮಲಿಂಗಂ ತಲೆಯಾಡಿಸಿ, ಸೋಮವಾರ ತರಿಸಿ ಎಂದ.

"ವೇಂಡಾಂಗ," ಅಂದರು ಅಯ್ಯಾಸಾಮಿ. ಬೇಡ.

ಲಾಯದ ಚಾವಣಿಯ ಕೆಳಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅಯ್ಯಾಸಾಮಿಗೆ ಎಂಬತ್ತೆರಡು ವರ್ಷ. ಏಳು ವರ್ಷದಲ್ಲಿ ಒಂದು ಸಭೆಯನ್ನೂ ಅವರು ತಪ್ಪಿಸಿದವರಲ್ಲ, ಒಂದು ಸಭೆಯಲ್ಲೂ ಬಾಯಿ ತೆರೆದವರಲ್ಲ. ಮೊದಲು ಆ ಕುದುರೆ ದಾರಿಯನ್ನು ಗುರುತು ಮಾಡಿದ್ದು ಅವರೇ. ನೆಲದ ಮೂಲೆ ಮೂಲೆ ಗೊತ್ತಿದ್ದವರೆಂದು ಅವರ ಕೈಗೆ ಸುಣ್ಣದ ಪುಡಿಯ ಚೀಲ ಕೊಟ್ಟಿದ್ದರು, ಅವರು ಸುರಿಯುತ್ತ ನಡೆದ ಹಾದಿಯೇ ದಾರಿಯಾಗಿತ್ತು.

"ಯಾಕೆ ಐಯಾ?" ಎಂದ ರಾಮಲಿಂಗಂ.

"ವೇಂಡಾಂಗ," ಎಂದು ಇನ್ನೊಮ್ಮೆ ಹೇಳಿ ಅವರು ನೆಲ ನೋಡಿದರು. ಭಾನುವಾರ ಕೂತು ತೀರ್ಮಾನ ಮಾಡೋಣ ಎಂದು ಸಭೆ ಎದ್ದಿತು.

ಗೋಕಿಲಾ ಹತ್ತಡಿ ದೂರದಲ್ಲಿ ಸೆಂಬಿ ಎಂಬ ಕೆಂದು ಕುದುರೆಯ ಗೊರಸು ಕೆರೆಯುತ್ತಿದ್ದಳು. ಅವಳಿಗೆ ಅರ್ಥವಾಯಿತು. ಅರ್ಥ ಮಾಡಿಕೊಳ್ಳಲು ಕಷ್ಟಪಡಬೇಕಾಗಲಿಲ್ಲ. ಏನೂ ಇಲ್ಲದ ಕಡೆ ಆ ಮುದುಕ ಸುತ್ತು ಹಾಕಿದ್ದಾರೆ ಎಂದರೆ ಅಲ್ಲಿ ಏನಿದೆ ಎಂದು ಈ ಭೂಮಿಯ ಮೇಲೆ ಗೊತ್ತಾಗಬೇಕಾದವಳು ಅವಳೊಬ್ಬಳೇ. ಎದೆ ಧಸಕ್ಕೆನ್ನುತ್ತದೆ ಎಂದು ಕಾದಳು. ಎನ್ನಲಿಲ್ಲ. ಗೊರಸು ಕೆರೆದು ಮುಗಿಸಿ ಇನ್ನೊಂದು ಕಾಲು ಎತ್ತಿದಳು.

ಮರುದಿನ ಬೆಳಿಗ್ಗೆ ಸೆಂಬಿಯನ್ನು ನಡೆಸಿಕೊಂಡು ತಿರುವಿನ ತನಕ ಹೋದಳು. ಏಳು ವರ್ಷದಲ್ಲಿ ಸಾವಿರ ಸಲ ಹಾದುಹೋದ ಜಾಗ. ದಾರಿ ಸುತ್ತು ಹಾಕಿದ ಒಳಗಡೆ ಒಂದು ಕಣದಷ್ಟು ಅಗಲದ ನೆಲ, ಮೊಣಕಾಲೆತ್ತರದ ಒಣಹುಲ್ಲು. ಮರವಿಲ್ಲ, ಕಲ್ಲಿಲ್ಲ. ಅವಳು ಅಂಚಿನಲ್ಲಿ ನಿಂತು ತನ್ನೊಳಗೆ ದುಃಖವನ್ನು ಹುಡುಕಿದಳು, ಎಲ್ಲೋ ಇಟ್ಟು ಮರೆತ ಬೀಗದಕೈ ಹುಡುಕಿದ ಹಾಗೆ. ಸಿಗಲಿಲ್ಲ. ಒಂದು ಮಾತ್ರ ಸ್ಪಷ್ಟವಾಗಿ ಗೊತ್ತಾಯಿತು. ಇಷ್ಟು ಸಾಲದು, ಸರಿಯಾಗಿ ಎಲ್ಲಿ ಎಂದು ಬೇಕು. ಒಂದು ಮೊಳದ ಜಾಗ. ಸೋಮವಾರ ಯಂತ್ರ ಬರುವ ಮೊದಲು ಬೇಕು.

ಅಂದು ಮಧ್ಯಾಹ್ನ ಮಾವನಿಗೆ ಊಟಕ್ಕಿಡುವಾಗ ಕೇಳಿದಳು. ಮನೆಯಲ್ಲಿ ಅವರ ಮಾತು ಕನ್ನಡ, ಹೊಸಿಲು ದಾಟಿದರೆ ತಮಿಳು.

"ಮಾಮ, ಆ ತಿರುವು ನೆಟ್ಟಗೆ ಮಾಡೋದು ಯಾಕ ಬ್ಯಾಡಾಂದ್ರಿ?"

"ಸುಮ್ನೆ."

"ಸುಮ್ನೆ ಬಾಯಿ ಬಿಡೋರಲ್ಲ ನೀವು."

ಅಯ್ಯಾಸಾಮಿ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಸೊಸೆಯನ್ನು ಅವರು ಮಗಳಂತೆ ಅಮ್ಮಿಣಿ ಎಂದೇ ಕರೆಯುವುದು. "ಕೇಳ್ಬ್ಯಾಡ ಅಮ್ಮಿಣಿ. ಇನ್ನೊಂಚೂರು ಮಜ್ಜಿಗೆ ಬಿಡು."

ಮಜ್ಜಿಗೆ ಬಿಟ್ಟಳು. ಸಂಜೆ ಗಂಡ ಅಂಗಡಿಯಿಂದ ಬಂದಾಗ ಅವನ ಹತ್ತಿರ ಹೇಳಿದಳು. ಸತೀಶ್‌ಕುಮಾರ್ ಕೆಟ್ಟವನಲ್ಲ. ಕಷ್ಟದ ಮಾತು ಬಂದರೆ ಚಪ್ಪಲಿ ಹುಡುಕುವ ಗಂಡಸು, ಅಷ್ಟೇ.

"ಹಳೇದೆಲ್ಲ ಯಾಕ ಕೆದಕ್ತಿ? ಅಪ್ಪ ನೋಡ್ಕತಾರೆ," ಎಂದ.

"ಅವರು ಬಾಯಿ ಬಿಡ್ದಿದ್ರೆ ಸೋಮವಾರ ಜೆಸಿಬಿ ಬತ್ತದ."

"ಬಂದ್ರೆ ಬರ್ಲಿ. ಏನಿದ್ದದು ಅಲ್ಲಿ ಇನ್ನು?" ಅಂದ. ಅಂದಮೇಲೆ ಅವನ ಮುಖ ಒಂಥರ ಆಯಿತು. ಟೀವಿಯ ಸದ್ದು ಹೆಚ್ಚು ಮಾಡಿದ.

ಭಾನುವಾರ ಬೆಳಿಗ್ಗೆ ಸಭೆ ಸೇರಿತು. ಮಾತೆಲ್ಲ ತಮಿಳಿನಲ್ಲೇ. ಅರವಿಂದ್ ಮತ್ತೆ ನಕ್ಷೆ ಬಿಚ್ಚಿದ, ಮುಂದಿನ ಸಲ ಮುರಿಯುವುದು ಕುತ್ತಿಗೆಯೂ ಆಗಬಹುದು ಎಂದ. ಎಲ್ಲರೂ ಹೌದು ಹೌದು ಅಂದರು. ರಾಮಲಿಂಗಂ ಹಿಂದೆ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದವನು, ಮುದುಕರನ್ನು ನೋಯಿಸುವ ಜಾತಿಯಲ್ಲ. ಮೆತ್ತಗೆ ಕೇಳಿದ.

"ಐಯಾ, ಒಂದೇ ಒಂದು ಕಾರಣ ಹೇಳಿ. ನಾಗರ ಹುತ್ತವಾ? ಸಾಮಿ ಜಾಗವಾ? ಏನಾದರೂ ಇದ್ದರೆ ನಾವೇ ಬಿಟ್ಟುಬಿಡುತ್ತೇವೆ."

ಸಾಮಿ ಜಾಗ ಎಂದು ಒಂದು ಸುಳ್ಳು ಹೇಳಿದ್ದರೆ ಅಲ್ಲಿದ್ದವರೆಲ್ಲ ಕೆನ್ನೆ ಕೆನ್ನೆ ಬಡಿದುಕೊಂಡು ದಾರಿಯನ್ನು ಇನ್ನೂ ಎರಡು ಮಾರು ಆಚೆಗೆ ಸರಿಸುತ್ತಿದ್ದರು. ಅಯ್ಯಾಸಾಮಿಗೆ ಸುಳ್ಳು ಬಾಯಿಗೆ ಬರುವುದಿಲ್ಲ. ನಿಜ ಹೇಳುವುದಕ್ಕೆ ಕಟ್ಟಳೆ ಬಿಡುವುದಿಲ್ಲ. ಅವರು ಕೋಲಿನ ಹಿಡಿಯನ್ನು ಎರಡೂ ಕೈಯಲ್ಲಿ ಅಮುಕಿಕೊಂಡು ಕೂತರು. ರಾಮಲಿಂಗಂ ಅರವಿಂದ್ ಕಡೆ ತಿರುಗಿದ. "ಹಾಗಾದರೆ ನಾಳೆ ಜೆಸಿಬಿ ಬರಲಿ."

"ಅಲ್ಲಿ ನನ್ನ ಮಗು ಇದೆ," ಅಂದಳು ಗೋಕಿಲಾ.

ಅವಳು ಹುಲ್ಲಿನ ಹೊರೆ ಹೊತ್ತು ಲಾಯದ ಕಂಬದ ಪಕ್ಕ ನಿಂತಿದ್ದಳು. ಹೇಳಬೇಕೆಂದು ಬಂದಿರಲಿಲ್ಲ. ಮಾತು ತಾನಾಗಿ ಬಂತು, ಹುರುಳಿ ಮುಗಿದಿದೆ ಎಂದು ಹೇಳುವ ದನಿಯಲ್ಲೇ ಬಂತು. ಎಲ್ಲರೂ ತನ್ನ ಕಡೆ ನೋಡುತ್ತಿದ್ದಾರೆ ಎಂದು ಗೊತ್ತಾದಾಗ ಇನ್ನೂ ಏನೋ ಹೇಳಬೇಕು ಅನಿಸಿತು. "ಹೆಣ್ಣುಮಗು. ತೆನ್ಮೊಳಿ," ಅಂದಳು. ಹತ್ತೊಂಬತ್ತು ವರ್ಷ ಎತ್ತದ ಹೆಸರು. ಬಾಯಿಗೆ ಹೊಸ ಮಾತಿನಂತಿತ್ತು, ಬೇರೆ ಯಾರದೋ ಮನೆಯ ಮಗುವನ್ನು ಕರೆದ ಹಾಗೆ.

ಹತ್ತು ನಿಮಿಷದಲ್ಲಿ ಎಲ್ಲ ಬಗೆಹರಿಯಿತು. ಅರವಿಂದ್ ಟೋಪಿ ತೆಗೆದು, "ನನಗೆ ಗೊತ್ತಿರಲಿಲ್ಲ ಅಕ್ಕಾ," ಎಂದು ಎರಡು ಸಲ ಹೇಳಿದ. ನಕ್ಷೆಯನ್ನು ಮಡಿಚಿ ಮಡಿಚಿ ಅಂಗೈಯಷ್ಟು ಮಾಡಿಬಿಟ್ಟ. ಆ ತಿರುವಿನಲ್ಲಿ ಇನ್ನು ಯಾರೂ ಕುದುರೆ ಓಡಿಸುವ ಹಾಗಿಲ್ಲ, ಇಳಿದು ನಡೆಸಿಕೊಂಡೇ ಹೋಗಬೇಕು ಎಂದು ತೀರ್ಮಾನವಾಯಿತು. ಬಾಯಿ ತೆರೆಯುವುದು ಇಷ್ಟು ಸುಲಭವಾಗಿತ್ತೇ ಎಂದು ಗೋಕಿಲಾ ಬೆರಗಾಗಿ ನಿಂತಳು. ಹೊರೆ ಇನ್ನೂ ತಲೆಯ ಮೇಲೇ ಇತ್ತು.

"ಒಂದು ಸಣ್ಣ ಕಲ್ಲು ನಿಲ್ಲಿಸೋಣ," ಎಂದ ರಾಮಲಿಂಗಂ. ಅವನ ಕಣ್ಣು ಒದ್ದೆಯಾಗಿತ್ತು. "ಈಗಲೇ ಹೋಗೋಣ. ಐಯಾ, ಜಾಗ ತೋರಿಸಿ."

ಅಯ್ಯಾಸಾಮಿ ಏಳಲಿಲ್ಲ.

"ಗೊತ್ತಿಲ್ಲ," ಅಂದರು.

ಮುದುಕ ಸಮಿತಿಯವರ ಕಡೆ ನೋಡದೆ ಸೊಸೆಯ ಕಡೆ ತಿರುಗಿ, ಅಷ್ಟು ಜನರ ಮುಂದೆ ಮನೆಯ ಮಾತಿನಲ್ಲೇ ಹೇಳತೊಡಗಿದರು.

"ಒಂದ್ ಬಿಳಿಜಾಲಿ ಮರದ ಬುಡಕ್ಕೆ ಇಟ್ಟಿದ್ದೆ ಅಮ್ಮಿಣಿ. ಮರ್ವರ್ಸ ಗಾಳೀಲಿ ಮರ ಬಿತ್ತು. ಯಾರೋ ಬೇರ್ ಸಮೇತ ಕಿತ್ಕೊಂಡ್ ಹೋದ್ರು, ಗುಂಡೀನೂ ಮುಚ್ಚೋಯ್ತು. ಆ ಕಡೆ ನೋಡ್ಕೂಡ್ದಲ್ಲ, ನಾ ನೋಡ್ಲಿಲ್ಲ. ಹನ್ನೆರ್ಡ್ ವರ್ಸ ಒಂದ್ ದಿನ ನೋಡ್ಲಿಲ್ಲ. ಆಮ್ಯಾಲೆ ಇವ್ರು ಸುಣ್ಣದ ಪುಡಿ ಕೊಟ್ರು. ಹೋಗಿ ನಿಂತ್ರೆ ಎಲ್ಲಾ ಒಂದೇ ತರ ಕಾಣ್ತು. ಇಲ್ಲಿರ್ಬೋದು ಅನ್ಸ್ತು, ಅಲ್ಲಿರ್ಬೋದು ಅನ್ಸ್ತು. ಅದ್ರ ಮ್ಯಾಲೆ ಯಾರೂ ಕಾಲಿಡ್ಕೂಡ್ದೂಂತ ಅಷ್ಟಗಲಕ್ಕೂ ಸುತ್ತಿಸ್ಬಿಟ್ಟೆ."

ಗೋಕಿಲಾ ಹೊರೆಯನ್ನು ಕೆಳಗೆ ಹಾಕಿದಳು. ಸಿಟ್ಟು ಬಂದಿತ್ತು. ಮೊದಲು ಅದು ಸಿಟ್ಟು ಎಂದು ಅವಳಿಗೆ ತಿಳಿಯಲಿಲ್ಲ. ಜೋಮು ಹಿಡಿದ ಕಾಲಿಗೆ ರಕ್ತ ಹರಿಯುವಾಗ ಆಗುವಂಥ ನೋವು ಮೈಯೆಲ್ಲ. ಈ ಮನೆಗೆ ಬಂದ ಇಪ್ಪತ್ತನಾಲ್ಕು ವರ್ಷದಲ್ಲಿ ಮಾವನಿಗೆ ಎದುರು ಮಾತಾಡಿದವಳಲ್ಲ.

"ನಿಮ್ಗೆ ಮರೆಯಕ್ಕಾದ್ರೂ ಒಂದ್ ಜಾಗ ಇತ್ತು ಮಾಮ," ಅಂದಳು. "ನಂಗೆ ಅದ್ನೂ ಕೊಡ್ಲಿಲ್ಲ ನೀವು."

ಕನ್ನಡ ತಿಳಿಯದ ಅರವಿಂದ್ ಕೂಡ ತಲೆ ತಗ್ಗಿಸಿದ. ಗೋಕಿಲಾ ಅಲ್ಲಿ ನಿಲ್ಲಲಿಲ್ಲ, ಲಾಯದ ಹಿಂದಿನಿಂದ ಕುದುರೆ ದಾರಿ ಹಿಡಿದು ನಡೆದಳು. ಯಾರೂ ಹಿಂದೆ ಬರುವ ಧೈರ್ಯ ಮಾಡಲಿಲ್ಲ. ಕೋಲಿನ ಸದ್ದು ಮಾತ್ರ ದೂರದಲ್ಲಿ ಬರುತ್ತಲೇ ಇತ್ತು.

ತಿರುವಿಗೆ ಬಂದು ಅವಳು ಮಾವ ಬರುವ ತನಕ ಕಾದಳು. ಅವರು ಏದುಸಿರು ಬಿಡುತ್ತ ಬಂದರು. ಬಂದವರು ಕೋಲೆತ್ತಿ ಆ ಕಡೆಯಿಂದ ಈ ಕಡೆಗೆ ಗಾಳಿಯಲ್ಲಿ ಒಂದು ಗೆರೆ ಎಳೆದರು. "ಇಷ್ಟರೊಳಗೆ," ಅಂದರು.

ಗೋಕಿಲಾ ದಾರಿ ಬಿಟ್ಟು ಹುಲ್ಲಿನೊಳಕ್ಕೆ ಕಾಲಿಟ್ಟಳು. ಹುಲ್ಲಿನ ಮುಳ್ಳು ಸೀರೆಗೆ ಅಂಟಿಕೊಂಡಿತು. ಎಂಟು ಹೆಜ್ಜೆ ಹೋದಳು, ಸ್ವಲ್ಪ ಬಲಕ್ಕೆ ಸರಿದಳು, ನಿಂತಳು. ಯಾವ ಸೂಚನೆಯೂ ಸಿಗಲಿಲ್ಲ. ಮೈ ಜುಮ್ಮೆನ್ನಲಿಲ್ಲ, ಯಾರೂ ಕರೆದ ಹಾಗಾಗಲಿಲ್ಲ. ಉಳಿದ ನೆಲ ಹೇಗಿತ್ತೋ ಇದೂ ಹಾಗೇ ಇತ್ತು. ಬೇರೆ ಯಾರಾದರೂ ಬಂದು ಇದನ್ನು ತೀರ್ಮಾನ ಮಾಡಿಕೊಡುವುದಿಲ್ಲ ಎಂದು ಆಗ ಅವಳಿಗೆ ಅರಿವಾಯಿತು.

"ಇಲ್ಲೇ," ಅಂದಳು.

"ಅಲ್ಲಿ ಅಲ್ದಿದ್ರೆ?" ಮುದುಕರ ದನಿ ಒಡೆದಿತ್ತು.

"ಅಲ್ದಿದ್ರೂ ಇಲ್ಲೇ. ಒಂದ್ ಕಲ್ ತಗಂಬನ್ನಿ ಮಾಮ."

ಸೊಸೆ ಮಾವನಿಗೆ ಕೆಲಸ ಹೇಳಿದ್ದು ಅದೇ ಮೊದಲು. ಅಯ್ಯಾಸಾಮಿ ಕೋಲನ್ನು ಅಲ್ಲೇ ಬಿಟ್ಟು, ಬೇಲಿಯ ಬುಡಕ್ಕೆ ಹೋಗಿ, ತಡಕಾಡಿ, ತಮ್ಮಿಂದ ಎತ್ತಲಾಗುವಂಥ ಒಂದು ಕಲ್ಲು ತಂದರು. ಹುಲ್ಲಿನ ಅಂಚಿಗೆ ಬಂದು ನಿಂತುಬಿಟ್ಟರು. ಒಳಗೆ ಕಾಲಿಡಲು ಅವರಿಗೆ ಇನ್ನೂ ಭಯ.

"ಬನ್ನಿ," ಅಂದಳು ಗೋಕಿಲಾ. "ಏನಾಗಲ್ಲ. ಬನ್ನಿ."

ಅವರು ಬಂದರು. ಗೋಕಿಲಾ ಕೈಯಿಂದಲೇ ಮಣ್ಣು ಸರಿಸಿ ಕಲ್ಲನ್ನು ಊರಿದಳು, ಅಲುಗಾಡದ ಹಾಗೆ ಸುತ್ತ ಮಣ್ಣು ತುಂಬಿ ತಟ್ಟಿದಳು. ತಟ್ಟುತ್ತಿದ್ದ ಕೈ ನಿಲ್ಲಲಿಲ್ಲ. ಮಣ್ಣು ಗಟ್ಟಿಯಾದ ಮೇಲೂ ಮೆಲ್ಲಗೆ, ಒಂದೇ ಸಮನೆ, ಮಗುವಿನ ಬೆನ್ನು ತಟ್ಟಿ ಮಲಗಿಸುವ ಹಾಗೆ ತಟ್ಟುತ್ತಲೇ ಇತ್ತು. ಅದನ್ನು ನೋಡಿ ಅವಳಿಗೆ ಅಳು ಬಂತು. ಬಾಯಿ ಬಿಟ್ಟು, ಊರಿನವರು ಕೇಳಿದರೆ ಕೇಳಲಿ ಎಂದು ಅತ್ತಳು. ಅಯ್ಯಾಸಾಮಿ ಸುಮ್ಮನಿರು ಎಂದು ಹೇಳಲಿಲ್ಲ. ನೆಲಕ್ಕೆ ಕೈಯೂರಿ, ಕಷ್ಟಪಟ್ಟು ಮಂಡಿ ಮಡಿಸಿ, ಅವಳ ಪಕ್ಕದಲ್ಲಿ ಕೂತರು.